ಎದ್ದು ನಿಂತ ಮುಂಬೈ, ಉತ್ತರಿಸದ ಸರ್ಕಾರಗಳು

1993ರ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ದಿಘಿ ಮತ್ತು ಶೇಖಾಡಿ ಎಂಬ ಎರಡು ಸಣ್ಣ ಕಡಲೂರುಗಳಲ್ಲಿ ದೋಣಿಗಳಿಂದ ಸರಕು ಇಳಿಯಿತು. ಕೊಂಕಣದ ಆ ತೀರಕ್ಕೆ ಕಳ್ಳಸಾಗಣೆ ಹೊಸದಾಗಿರಲಿಲ್ಲ. ಬೆಳ್ಳಿ, ಚಿನ್ನ ಇಳಿಯುವುದು, ಸಂಬಂಧಪಟ್ಟವರ ಕೈ ಬಿಸಿಯಾಗುವುದು ಅಲ್ಲಿ ವರ್ಷಗಳಿಂದ ನಡೆದು ಬಂದ ಪದ್ಧತಿ. ಆದರೆ ಈ ಸಲ ಬಂದದ್ದು ಆರ್‌ಡಿಎಕ್ಸ್, ರೈಫಲ್ ಮತ್ತು ಗ್ರೆನೇಡು. ದಾರಿಯಲ್ಲಿ ಲಾರಿಗಳನ್ನು ತಡೆದ ಪೊಲೀಸರು ಲಂಚ ಪಡೆದು ಬಿಟ್ಟುಬಿಟ್ಟರು. ಕಸ್ಟಮ್ಸ್ ಇಲಾಖೆಯ ಹಿರಿಯ ಅಧಿಕಾರಿಗಳೇ ಕಣ್ಣು ಮುಚ್ಚಿಕೊಂಡರು. ಇದು ಊಹೆಯಲ್ಲ. ಹದಿಮೂರು ವರ್ಷಗಳ ನಂತರ ಟಾಡಾ ನ್ಯಾಯಾಲಯವು ಕಸ್ಟಮ್ಸ್ ಅಧಿಕಾರಿಗಳನ್ನೂ ಪೊಲೀಸರನ್ನೂ ಅಪರಾಧಿಗಳೆಂದು ಘೋಷಿಸಿ ಶಿಕ್ಷೆ ವಿಧಿಸಿತು.

ಆ ಸರಕು ಮಾರ್ಚ್ 12ರ ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಮುಂಬೈ ಷೇರುಪೇಟೆಯ ನೆಲಮಾಳಿಗೆಯಲ್ಲಿ ಸಿಡಿಯಿತು. ಮುಂದಿನ ಎರಡು ಗಂಟೆಗಳಲ್ಲಿ ಏರ್ ಇಂಡಿಯಾ ಕಟ್ಟಡ, ಝವೇರಿ ಬಜಾರ್, ಸೆಂಚುರಿ ಬಜಾರ್, ಪ್ಲಾಜಾ ಚಿತ್ರಮಂದಿರ, ಜುಹುವಿನ ಹೋಟೆಲು ಹೀಗೆ ಊರಿನ ಉದ್ದಕ್ಕೂ ಸ್ಫೋಟಗಳಾದವು. 257 ಜನ ಸತ್ತರು. 

ಸೋಮವಾರ ಷೇರುಪೇಟೆ ವಹಿವಾಟು ಶುರು ಮಾಡಿತು. ಪತ್ರಿಕೆಗಳು ಆ ಸೋಮವಾರವನ್ನು ಕೊಂಡಾಡಿದವು. ಅದು ಕೊಂಡಾಡಬೇಕಾದದ್ದೇ. ಆದರೆ ಅದಕ್ಕಿಂತ ದೊಡ್ಡ ಸಂಗತಿಯೊಂದು ಆ ವಾರ ಮುಂಬೈಯಲ್ಲಿ ನಡೆಯಿತು, ಅಥವಾ ನಡೆಯದೇ ಹೋಯಿತು ಎನ್ನಬೇಕು. ಗಲಭೆ ಆಗಲಿಲ್ಲ. ಬಾಬರಿ ಮಸೀದಿ ಉರುಳಿದ ಮೇಲೆ 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಇದೇ ಊರು ಹೊತ್ತಿ ಉರಿದು ಸುಮಾರು 900 ಮಂದಿ ಸತ್ತಿದ್ದರು. ಗಾಯ ಮಾಗಿರಲಿಲ್ಲ, ಬಾಂಬ್ ಇಟ್ಟವರು ಯಾರೆಂಬ ಸುದ್ದಿ ಬೇಗನೆ ಹರಡಿತು, ಆದರೂ ಊರು ತಡೆದುಕೊಂಡಿತು. ಆರು ದಿನದ ಹಿಂದಷ್ಟೇ ಮುಖ್ಯಮಂತ್ರಿಯಾಗಿದ್ದ ಶರದ್ ಪವಾರ್, ಸ್ಫೋಟ ನಡೆಯದೇ ಇದ್ದ ಮುಸ್ಲಿಂ ಬಹುಳ ಮಸ್ಜಿದ್ ಬಂದರ್ ಪ್ರದೇಶದ ಹೆಸರನ್ನೂ ಪಟ್ಟಿಗೆ ಸೇರಿಸಿ ದೂರದರ್ಶನದಲ್ಲಿ ಹೇಳಿದರು. ಒಂದು ಸಮುದಾಯವನ್ನು ಗುರಿಮಾಡಿ ಸ್ಫೋಟ ನಡೆದಿದೆ ಎಂಬ ಭಾವನೆ ಬರದಿರಲಿ ಎಂದು ಬೇಕೆಂದೇ ಹಾಗೆ ಹೇಳಿದೆ ಎಂದು ಅವರೇ ಮುಂದೆ ಒಪ್ಪಿಕೊಂಡರು. ಸರ್ಕಾರದ ಮುಖ್ಯಸ್ಥರು ಜನರಿಗೆ ಸುಳ್ಳು ಹೇಳಬಹುದೇ ಎಂಬ ಚರ್ಚೆ ಇಂದಿಗೂ ಇದೆ. ನನ್ನ ಮಟ್ಟಿಗೆ, ಆ ರಾತ್ರಿಯ ಮಟ್ಟಿಗೆ, ಅದು ಜೀವ ಉಳಿಸಿದ ಮಾತು.

ಮುಂದಿನ ವರ್ಷಗಳಲ್ಲೂ ಶಾಂತಿ ಉಳಿದದ್ದು ಒಂದು ಮಾತಿನಿಂದ ಮಾತ್ರ ಅಲ್ಲ. ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೋ ರಿಬೆರೋ, ಸಮಾಜಸೇವಕಿ ಸುಶೋಭಾ ಬರ್ವೆ, ಪೊಲೀಸ್ ಕಮಿಷನರ್ ಸತೀಶ್ ಸಾಹ್ನಿ ಮುಂತಾದವರು ಸೇರಿ ಗಲಭೆಪೀಡಿತ ಬಡಾವಣೆಗಳಲ್ಲಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂ–ಮುಸ್ಲಿಂ ನೆರೆಹೊರೆಯವರು ಠಾಣೆಯ ಪೊಲೀಸರ ಜೊತೆ ಒಂದೇ ಚಾಪೆಯ ಮೇಲೆ ಕೂತು ನೀರಿನ ನಲ್ಲಿ, ಮೆರವಣಿಗೆ, ಮೈಕಿನ ಸದ್ದು ಎಂಬ ಸಣ್ಣ ಜಗಳಗಳನ್ನು ದೊಡ್ಡದಾಗುವ ಮೊದಲೇ ಬಗೆಹರಿಸಿಕೊಳ್ಳುವ ಏರ್ಪಾಡು ಅದು. ಮುಂದೆ ಮುಂಬೈ ಮೇಲೆ ಎಷ್ಟು ದಾಳಿಗಳಾದರೂ 1993ರ ಜನವರಿ ಮರುಕಳಿಸಲಿಲ್ಲ. ಊರಿನ ಗಟ್ಟಿತನ ತಾನಾಗಿ ಬಂದ ಗುಣವಲ್ಲ, ಹೆಸರಿಲ್ಲದ ನೂರಾರು ಜನ ವರ್ಷಗಟ್ಟಲೆ ಸಭೆ ಕೂತು ಬೆವರು ಸುರಿಸಿ ಕಟ್ಟಿದ್ದು.

ಸರ್ಕಾರದ ಕಡೆಯ ಕಥೆ ಬೇರೆ. ಗಲಭೆಯ ವಿಚಾರಣೆಗೆ ನೇಮಕಗೊಂಡಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗವನ್ನು 1996ರ ಜನವರಿಯಲ್ಲಿ ಶಿವಸೇನೆ–ಬಿಜೆಪಿ ಸರ್ಕಾರ ರದ್ದು ಮಾಡಿತು. ಟೀಕೆ ಜೋರಾದಾಗ ಕೆಲವೇ ತಿಂಗಳಲ್ಲಿ ಮತ್ತೆ ಜೀವ ಕೊಟ್ಟು, ಸ್ಫೋಟಗಳ ವಿಷಯವನ್ನೂ ಅದರ ವ್ಯಾಪ್ತಿಗೆ ಸೇರಿಸಿತು. 1998ರಲ್ಲಿ ವರದಿ ಬಂತು. ಗಲಭೆಗೂ ಸ್ಫೋಟಕ್ಕೂ ಕಾರ್ಯಕಾರಣ ಸಂಬಂಧ ಇರುವಂತೆ ಕಾಣುತ್ತದೆ ಎಂದು ಆಯೋಗ ಹೇಳಿತು. ತಪ್ಪಿತಸ್ಥ ಪೊಲೀಸರ ಹೆಸರುಗಳನ್ನೂ ಕೊಟ್ಟಿತು. ಸರ್ಕಾರ ವರದಿಯನ್ನು ತಳ್ಳಿಹಾಕಿತು. ಮರುವರ್ಷ ಅಧಿಕಾರಕ್ಕೆ ಬಂದ ಕಾಂಗ್ರೆಸ್–ಎನ್‌ಸಿಪಿ ಸರ್ಕಾರ, ವಿರೋಧದಲ್ಲಿದ್ದಾಗ ವರದಿ ಜಾರಿಯಾಗಲಿ ಎಂದು ಕೂಗಿದ ಪಕ್ಷಗಳದ್ದೇ ಆಗಿದ್ದರೂ, ಹೆಚ್ಚೇನೂ ಮಾಡಲಿಲ್ಲ. ಸ್ಫೋಟಗಳ ಬೆನ್ನಿಗೇ ದೆಹಲಿಯಲ್ಲಿ ಎನ್.ಎನ್. ವೋಹ್ರಾ ನೇತೃತ್ವದ ಸಮಿತಿ ಅಪರಾಧಿಗಳು, ಅಧಿಕಾರಿಗಳು, ರಾಜಕಾರಣಿಗಳ ನಂಟಿನ ಬಗ್ಗೆ 1993ರಲ್ಲೇ ವರದಿ ಕೊಟ್ಟಿತ್ತು. ಅದರ ತೆಳ್ಳಗಿನ ಮುಖ್ಯ ಭಾಗ ಬಹಿರಂಗವಾಯಿತು, ಯಾರು ಯಾರ ಜೊತೆ ಎಂಬ ವಿವರ ಹೊರಬರಲಿಲ್ಲ.

ಹೀಗೆ 1993 ಎರಡು ಪಾಠಗಳನ್ನು ಬಿಟ್ಟು ಹೋಯಿತು. ಮುಂಬೈಗೆ ಅಪಾಯ ಕಡಲಿನಿಂದ ಬರುತ್ತದೆ ಎಂಬುದು ಒಂದು. ಅದನ್ನು ಒಳಗೆ ಬಿಟ್ಟವರು ಸರ್ಕಾರದ ಸಂಬಳ ತಿನ್ನುವವರು ಎಂಬುದು ಇನ್ನೊಂದು. ಎರಡನ್ನೂ ಅರಗಿಸಿಕೊಳ್ಳಲು ಹದಿನೈದು ವರ್ಷ ಸಮಯವಿತ್ತು.

ನಡುವೆ 2006ರ ಜುಲೈ 11 ಬಂತು. ಸಂಜೆ 6 ಗಂಟೆ 24 ನಿಮಿಷದಿಂದ 11 ನಿಮಿಷಗಳ ಒಳಗೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಏಳು ಬಾಂಬ್ ಸಿಡಿದವು. ಚರ್ಚ್‌ಗೇಟಿನಿಂದ ಬೊರಿವಲಿ, ಮೀರಾ ರೋಡ್, ವಿರಾರ್ ಕಡೆಗೆ ಮನೆಗೆ ಹೊರಟ ಜನ. ಆ ಉಪನಗರಗಳಲ್ಲಿ ನೆಲೆಸಿದ ಸಾವಿರಾರು ಕನ್ನಡಿಗರು, ತುಳುವರು ದಿನವೂ ಹತ್ತಿ ಇಳಿಯುವ ಗಾಡಿಗಳು ಅವು. ಸರ್ಕಾರಿ ಲೆಕ್ಕದಲ್ಲೇ 180ಕ್ಕೂ ಹೆಚ್ಚು ಸಾವು. ಹಳಿಯ ಪಕ್ಕದ ಗುಡಿಸಲುಗಳವರು ತಮ್ಮ ಮನೆಯ ಹೊದಿಕೆ, ಚಾದರಗಳನ್ನು ತಂದು ಅವುಗಳಲ್ಲೇ ಗಾಯಾಳುಗಳನ್ನು ಹೊತ್ತೊಯ್ದರು. ಆ ರಾತ್ರಿಯೇ ರೈಲು ಓಡಿತು. ಮರುದಿನ ಜನ ಅದೇ ಗಾಡಿ ಹತ್ತಿದರು. ‘ಮುಂಬೈ ಸ್ಪಿರಿಟ್’ ಎಂಬ ಮಾತು ಮಂತ್ರಿಗಳ ಬಾಯಲ್ಲಿ ನೆಲೆಯಾದದ್ದು ಆಗಲೇ.

ಈ ಸ್ಪಿರಿಟ್ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಹೊಟ್ಟೆಪಾಡು ಬಿಟ್ಟು ಒಂದು ದಿನವೂ ಮನೆಯಲ್ಲಿ ಕೂರಲಾಗದವರ ಅನಿವಾರ್ಯತೆಗೆ ಧೈರ್ಯದ ಹೆಸರಿಟ್ಟಿದ್ದೇವೆ ಎಂಬುದು ಒಂದು. ಅಪರಿಚಿತರು ಅಪರಿಚಿತರಿಗಾಗಿ ಜೀವ ಪಣಕ್ಕಿಟ್ಟದ್ದು ಅನಿವಾರ್ಯತೆಯಲ್ಲ, ಅದು ಒತ್ತೊತ್ತಾಗಿ ಬದುಕುವ ನಗರ ಕಲಿಸಿದ ನಾಗರಿಕತೆ ಎಂಬುದು ಇನ್ನೊಂದು. ಎರಡೂ ನಿಜವಿರಬಹುದು. ಮರುದಿನ ಗಾಡಿ ಹತ್ತಿದವನು ಕೂಲಿಗಾಗಿ ಹತ್ತಿದ, ಹಿಂದಿನ ಸಂಜೆ ಚಾದರ ತಂದವಳು ಯಾವ ಕೂಲಿಗೂ ತರಲಿಲ್ಲ. ನನ್ನ ತಕರಾರು ಇರುವುದು ಆ ಮಾತನ್ನು ಸರ್ಕಾರಗಳು ಬಳಸಿಕೊಂಡ ರೀತಿಯ ಬಗ್ಗೆ. ಜನ ಕೆಲಸಕ್ಕೆ ಮರಳಿದರು ಎಂದರೆ ಜನ ಕ್ಷಮಿಸಿದರು ಎಂದು ಸಚಿವಾಲಯ ಅರ್ಥಮಾಡಿಕೊಂಡಿತು.

2008 ದೇಶದ ನಗರಗಳಿಗೆ ಕೆಟ್ಟ ವರ್ಷ. ಮೇ ತಿಂಗಳಲ್ಲಿ ಜೈಪುರ, ಜುಲೈ 25ರಂದು ನಮ್ಮ ಬೆಂಗಳೂರು, ಮರುದಿನವೇ ಅಹಮದಾಬಾದ್, ಸೆಪ್ಟೆಂಬರ್ 13ರಂದು ದೆಹಲಿ. ದೆಹಲಿ ಸ್ಫೋಟದ ಸಂಜೆ ಕೇಂದ್ರ ಗೃಹ ಸಚಿವ ಶಿವರಾಜ್ ಪಾಟೀಲ್ ಕೆಲವೇ ಗಂಟೆಗಳಲ್ಲಿ ಮೂರು ಸಲ ಬೇರೆ ಬೇರೆ ಉಡುಪಿನಲ್ಲಿ ಕ್ಯಾಮೆರಾ ಮುಂದೆ ಕಾಣಿಸಿಕೊಂಡದ್ದು ದೇಶವ್ಯಾಪಿ ಸಿಟ್ಟಿಗೆ ಕಾರಣವಾಯಿತು. ಸೆಪ್ಟೆಂಬರ್ 20ರಂದು ಇಸ್ಲಾಮಾಬಾದಿನ ಮ್ಯಾರಿಯಟ್ ಹೋಟೆಲಿನ ಮೇಲೆ ದಾಳಿಯಾಯಿತು. ಮುಂಬೈಯ ತಾಜ್ ಹೋಟೆಲಿಗೂ ಎಚ್ಚರಿಕೆ ಬಂದಿತ್ತು. ಭದ್ರತೆ ಬಿಗಿಯಾಯಿತು, ಕೆಲವು ವಾರಗಳ ನಂತರ ಸಡಿಲವಾಯಿತು.

ನವೆಂಬರ್ 26, ಬುಧವಾರ. ಕರಾಚಿಯಿಂದ ಹೊರಟ ಹತ್ತು ಮಂದಿ ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕೆ ದೋಣಿಯನ್ನು ನಡುಗಡಲಿನಲ್ಲಿ ವಶಪಡಿಸಿಕೊಂಡಿದ್ದರು. ಅದರ ತಾಂಡೇಲ ಅಮರಸಿಂಗ್ ಸೋಳಂಕಿಯಿಂದ ಮುಂಬೈವರೆಗೆ ದೋಣಿ ನಡೆಸಿಕೊಂಡು ಬಂದು ಕೊನೆಗೆ ಅವರನ್ನು ಕೊಂದರು. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕೊಲಾಬಾದ ಮಚ್ಛಿಮಾರ್ ನಗರದಲ್ಲಿ ದಡ ಸೇರಿದಾಗ ಅವರನ್ನು ಮೊದಲು ತಡೆದು ಕೇಳಿದವರು ಅಲ್ಲಿಯ ಮೀನುಗಾರರು. ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂಬ ಉತ್ತರ ಬಂತು. ಆ ತೀರದಲ್ಲಿ ಆ ಹೊತ್ತಿಗೆ ಪ್ರಶ್ನೆ ಕೇಳಿದವರು ಆ ಮೀನುಗಾರರು ಮಾತ್ರ. ಕೇಂದ್ರದ ಕರಾವಳಿ ಭದ್ರತಾ ಯೋಜನೆ ಮಂಜೂರಾಗಿ ಮೂರು ವರ್ಷವಾಗಿತ್ತು. ಸಮುದ್ರ ಮಾರ್ಗದ ಬಗ್ಗೆ ಗುಪ್ತಚರ ಎಚ್ಚರಿಕೆಗಳು ಕಡತದಲ್ಲಿದ್ದವು.

ಮುಂದಿನ ಮೂರು ದಿನಗಳ ಕಥೆ ಓದುಗರಿಗೆ ಗೊತ್ತು. ಛತ್ರಪತಿ ಶಿವಾಜಿ ಟರ್ಮಿನಸ್, ಲಿಯೋಪೋಲ್ಡ್ ಕೆಫೆ, ಕಾಮಾ ಆಸ್ಪತ್ರೆ, ನಾರಿಮನ್ ಹೌಸ್, ಒಬೆರಾಯ್–ಟ್ರೈಡೆಂಟ್, ತಾಜ್. 166 ಸಾವು. ಆದರೆ ಆ ರಾತ್ರಿಯ ಕೆಲವು ಜನರ ಬಗ್ಗೆ ನಿಧಾನವಾಗಿ ಹೇಳಲೇಬೇಕು, ಏಕೆಂದರೆ ವ್ಯವಸ್ಥೆ ಕುಸಿದ ಜಾಗದಲ್ಲೆಲ್ಲ ನಿಂತವರು ಅವರೇ.

ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವ ವಿಷ್ಣು ಝೇಂಡೆ ತಮ್ಮ ಗಾಜಿನ ಕೋಣೆಯಿಂದ ಗುಂಡಿನ ದಾಳಿಯನ್ನು ನೋಡಿದರು. ಓಡಿಹೋಗದೆ ಮೈಕಿನಲ್ಲಿ, ಮುಖ್ಯದ್ವಾರದ ಕಡೆ ಬರಬೇಡಿ, ಹಿಂದಿನ ದಾರಿಯಿಂದ ಹೊರಗೆ ಹೋಗಿ ಎಂದು ಮತ್ತೆ ಮತ್ತೆ ಕೂಗಿದರು. ಆ ನಿಲ್ದಾಣದಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಅವರು ಕೂಗದಿದ್ದರೆ ಎಷ್ಟಾಗುತ್ತಿತ್ತೋ. ಕಾಮಾ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ ನರ್ಸ್ ಅಂಜಲಿ ಕುಲ್ಥೆ ತಮ್ಮ ವಾರ್ಡಿನ 20 ಗರ್ಭಿಣಿಯರನ್ನು ಒಂದು ಸಣ್ಣ ಕೋಣೆಗೆ ಸೇರಿಸಿ ಬಾಗಿಲು ಹಾಕಿ ಕಾಪಾಡಿದರು. ತಾಜ್‌ನ ಸಿಬ್ಬಂದಿ ಅತಿಥಿಗಳನ್ನು ಹಿಂಬಾಗಿಲಿನಿಂದ ಸಾಗಿಸುತ್ತ ತಾವೇ ಗುಂಡಿಗೆ ಬಲಿಯಾದರು. ಜನರಲ್ ಮ್ಯಾನೇಜರ್ ಕರಂಬೀರ್ ಕಾಂಗ್ ತಮ್ಮ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಅದೇ ಕಟ್ಟಡದ ಬೆಂಕಿಯಲ್ಲಿ ಕಳೆದುಕೊಂಡರೂ ಕೆಲಸ ಬಿಟ್ಟು ಕದಲಲಿಲ್ಲ. ಗಿರ್ಗಾಂವ್ ಚೌಪಾಟಿಯಲ್ಲಿ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಂ ಓಂಬ್ಳೆ ಎಕೆ-47 ಬಂದೂಕಿನ ನಳಿಗೆಯನ್ನೇ ಬರಿಗೈಯಲ್ಲಿ ಹಿಡಿದು ಅಷ್ಟೂ ಗುಂಡುಗಳನ್ನು ತಮ್ಮ ದೇಹಕ್ಕೆ ತೆಗೆದುಕೊಂಡರು. ದಾಳಿಕೋರರಲ್ಲಿ ಒಬ್ಬನಾದ ಕಸಬ್ ಜೀವಂತ ಸಿಕ್ಕಿದ್ದು ಹಾಗೆ. ಅವನು ಸಿಗದಿದ್ದರೆ ಸಂಚು ಎಲ್ಲಿ ಹುಟ್ಟಿತೆಂದು ಜಗತ್ತಿನ ಮುಂದೆ ಸಾಬೀತು ಮಾಡುವುದು ಬಹಳ ಕಷ್ಟವಾಗುತ್ತಿತ್ತು.

ದೆಹಲಿ ಪಕ್ಕದ ಮಾನೇಸರ್‌ನಲ್ಲಿದ್ದ ಎನ್‌ಎಸ್‌ಜಿ ಕಮಾಂಡೋಗಳು ಹೊರಡಲು ವಿಮಾನ ಚಂಡೀಗಡದಿಂದ ಬರಬೇಕಾಯಿತು. ದಾಳಿ ಶುರುವಾಗಿ ಹತ್ತು ಗಂಟೆಗೂ ಹೆಚ್ಚು ಸಮಯ ಕಳೆದ ಮೇಲೆ ಅವರ ಕಾರ್ಯಾಚರಣೆ ಆರಂಭವಾಯಿತು. ಅಷ್ಟು ಹೊತ್ತೂ ಹಳೆಯ ರೈಫಲ್ ಮತ್ತು ಲಾಠಿ ಹಿಡಿದ ಪೊಲೀಸರು, ಕೈಬೆರಳೆಣಿಕೆಯ ನೌಕಾ ಕಮಾಂಡೋಗಳು ಊರನ್ನು ಹಿಡಿದಿಟ್ಟರು. ಹೊರಗೆ ಟಿವಿ ವಾಹಿನಿಗಳು ಕಮಾಂಡೋಗಳ ಚಲನವಲನವನ್ನು ನೇರ ಪ್ರಸಾರ ಮಾಡಿದವು. ಪಾಕಿಸ್ತಾನದಲ್ಲಿ ಕುಳಿತವರು ಅದನ್ನು ನೋಡಿ ಫೋನಿನಲ್ಲಿ ಒಳಗಿನವರಿಗೆ ಸೂಚನೆ ಕೊಟ್ಟರು. ಸುಪ್ರೀಂ ಕೋರ್ಟ್ 2012ರ ತೀರ್ಪಿನಲ್ಲಿ ವಾಹಿನಿಗಳನ್ನು ಕಟುವಾಗಿ ಟೀಕಿಸಿತು.

ತಾಜ್ ಒಳಗೆ, ಗಾಯಗೊಂಡ ಸಹಚರನನ್ನು ಹೊರಗೆ ಕಳಿಸಿ ಒಬ್ಬರೇ ಮುಂದುವರಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದ ಹುಡುಗ. ವಯಸ್ಸು 31. ಹೆಬ್ಬಾಳದ ಚಿತಾಗಾರಕ್ಕೆ ಸಾವಿರಾರು ಬೆಂಗಳೂರಿಗರು ಬಂದರು. ಮರುದಿನ ಸಾಂತ್ವನ ಹೇಳಲು ಬಂದ ಕೇರಳದ ಮುಖ್ಯಮಂತ್ರಿಯನ್ನು ಅವರ ತಂದೆ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಮುಖ್ಯಮಂತ್ರಿ ಆಡಿದ ಪ್ರತಿಮಾತು ದೇಶವನ್ನೇ ಕೆರಳಿಸಿತು, ವಿಷಾದ ವ್ಯಕ್ತಪಡಿಸಬೇಕಾಯಿತು. ದುಃಖದ ಮನೆಗೆ ಬಂದ ರಾಜಕಾರಣಿಗೆ ಬಾಗಿಲು ಮುಚ್ಚಿಕೊಂಡ ಆ ಘಟನೆಯಲ್ಲಿ ಆ ವಾರದ ದೇಶದ ಮನಃಸ್ಥಿತಿ ಪೂರ್ತಿಯಾಗಿ ಇತ್ತು.

ಏಕೆಂದರೆ ಈ ಸಲ ಮುಂಬೈ ಬರೀ ಎದ್ದು ನಿಲ್ಲಲಿಲ್ಲ, ಸಿಟ್ಟಾಯಿತು. ಡಿಸೆಂಬರ್ 3ರಂದು, ದಾಳಿಯಾಗಿ ಒಂದು ವಾರಕ್ಕೆ, ಗೇಟ್‌ವೇ ಆಫ್ ಇಂಡಿಯಾದ ಮುಂದೆ ಸಾವಿರಾರು ಜನ ಸೇರಿದರು. ಯಾವ ಪಕ್ಷವೂ ಕರೆಕೊಟ್ಟಿರಲಿಲ್ಲ. ಕೈಯಲ್ಲಿ ಮೇಣದ ಬತ್ತಿ, ಬಾಯಲ್ಲಿ ರಾಜಕಾರಣಿಗಳ ವಿರುದ್ಧ ಘೋಷಣೆ. ಊರಿನ ಮುಸ್ಲಿಂ ಸಂಸ್ಥೆಗಳು ಸತ್ತ ಒಂಬತ್ತು ದಾಳಿಕೋರರಿಗೆ ತಮ್ಮ ಖಬರಸ್ತಾನದಲ್ಲಿ ಜಾಗ ಕೊಡುವುದಿಲ್ಲ ಎಂದು ಘೋಷಿಸಿದವು. ಆ ಸಭೆಯಲ್ಲಿ ಇದ್ದವರಲ್ಲಿ ಹೆಚ್ಚಿನವರು ದಕ್ಷಿಣ ಮುಂಬೈಯ ಅನುಕೂಲಸ್ಥರು, ರೈಲು ನಿಲ್ದಾಣದಲ್ಲಿ ಸತ್ತ ಕೂಲಿಕಾರರಿಗೆ ಇಷ್ಟು ಕ್ಯಾಮೆರಾ ಬರಲಿಲ್ಲ ಎಂಬ ಟೀಕೆ ಆಗಲೇ ಬಂತು, ಅದು ನ್ಯಾಯವಾದ ಟೀಕೆ. ತಾಜ್‌ನಲ್ಲಿ ಸತ್ತವರಿಗಿಂತ ನಿಲ್ದಾಣದಲ್ಲಿ ಸತ್ತವರು ಹೆಚ್ಚು. ಆದರೂ ಅಧಿಕಾರಸ್ಥರನ್ನು ಹೆಸರು ಹಿಡಿದು ಕೇಳಿದ ಆ ಸಂಜೆ ಮುಂಬೈಯ ಇತಿಹಾಸದಲ್ಲಿ ದೊಡ್ಡದೇ.

ರಾಜೀನಾಮೆಗಳು ಬಂದವು. ಶಿವರಾಜ್ ಪಾಟೀಲ್ ನವೆಂಬರ್ 30ರಂದು ಹುದ್ದೆ ಬಿಟ್ಟರು, ಪಿ. ಚಿದಂಬರಂ ಗೃಹ ಸಚಿವರಾದರು. ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಮತ್ತು ಗೃಹ ಸಚಿವ ಆರ್.ಆರ್. ಪಾಟೀಲ್, ದೊಡ್ಡ ಶಹರಗಳಲ್ಲಿ ಇಂಥ ಸಣ್ಣಪುಟ್ಟ ಘಟನೆಗಳು ಆಗುತ್ತವೆ ಎಂಬರ್ಥದ ಮಾತಾಡಿ ಸ್ಥಾನ ಕಳೆದುಕೊಂಡರು. ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ಸುಟ್ಟ ತಾಜ್ ನೋಡಲು ಹೋದಾಗ ನಟನಾದ ಮಗನೂ ಚಿತ್ರ ನಿರ್ದೇಶಕ ರಾಮ್ ಗೋಪಾಲ್ ವರ್ಮಾ ಅವರೂ ಜೊತೆಗಿದ್ದರು. ಅದು ಅವರ ಕುರ್ಚಿಗೆ ಮುಳುವಾಯಿತು, ಅಶೋಕ್ ಚವಾಣ್ ಮುಖ್ಯಮಂತ್ರಿಯಾದರು. ಗಮನಿಸಬೇಕಾದದ್ದು ಇಲ್ಲಿದೆ. ಇಬ್ಬರು ರಾಜ್ಯ ನಾಯಕರು ಸ್ಥಾನ ಕಳೆದುಕೊಂಡದ್ದು ಆಡಿದ ಮಾತಿಗೆ ಮತ್ತು ಕರೆದುಕೊಂಡು ಹೋದ ಜೊತೆಗಾರರಿಗೆ. ಬಂದೂಕಿಲ್ಲದ ಪೊಲೀಸ್, ಕಾವಲಿಲ್ಲದ ಕಡಲು, ಓದದೆ ಬಿದ್ದಿದ್ದ ಎಚ್ಚರಿಕೆ ಇವುಗಳಿಗಾಗಿ ರಾಜ್ಯದಲ್ಲಿ ಯಾರೂ ಸ್ಥಾನ ಬಿಡಲಿಲ್ಲ.

ಬಿಟ್ಟವರೂ ಬಹಳ ದಿನ ಹೊರಗಿರಲಿಲ್ಲ. 2009ರ ಮೇ ತಿಂಗಳಲ್ಲಿ ದೇಶಮುಖ್ ಕೇಂದ್ರ ಸಚಿವರಾದರು. ಅದೇ ವರ್ಷದ ನವೆಂಬರ್‌ನಲ್ಲಿ, ದಾಳಿಯ ಮೊದಲ ವರ್ಷಾಚರಣೆಯ ಹೊತ್ತಿಗೆ ಸರಿಯಾಗಿ, ಆರ್.ಆರ್. ಪಾಟೀಲ್ ಮತ್ತೆ ಮಹಾರಾಷ್ಟ್ರದ ಗೃಹ ಸಚಿವರ ಕುರ್ಚಿಯಲ್ಲಿದ್ದರು. ಶಿವರಾಜ್ ಪಾಟೀಲ್ 2010ರಲ್ಲಿ ಪಂಜಾಬಿನ ರಾಜ್ಯಪಾಲರಾದರು.

ಇದಕ್ಕೆ ಮತದಾರರೂ ಒಂದಿಷ್ಟು ಹೊಣೆ. 2009ರ ಏಪ್ರಿಲ್ 30ರಂದು ಮುಂಬೈ ಲೋಕಸಭೆಗೆ ಮತ ಹಾಕಿತು. ಐದು ತಿಂಗಳ ಹಿಂದಿನ ಸಿಟ್ಟು ಮತಗಟ್ಟೆಗೆ ಬರಬಹುದೆಂದು ಎಲ್ಲರೂ ಎಣಿಸಿದ್ದರು. ಬ್ಯಾಂಕಿನ ಉನ್ನತ ಹುದ್ದೆಯಲ್ಲಿದ್ದ ಮೀರಾ ಸನ್ಯಾಲ್ ದಕ್ಷಿಣ ಮುಂಬೈಯಿಂದ ಪಕ್ಷೇತರರಾಗಿ ನಿಂತರು. ಮತದಾನ ಶೇಕಡಾ 40ರ ಆಸುಪಾಸಿನಲ್ಲೇ ನಿಂತಿತು. ಸನ್ಯಾಲ್ ಸೋತರು. ಸಾಲು ರಜೆ, ಬಿಸಿಲು, ಮತದಾರರ ಪಟ್ಟಿಯ ಗೊಂದಲ ಎಂದು ಕಾರಣಗಳನ್ನು ಕೊಡಲಾಯಿತು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ 2004ರ ಮಾರ್ಚ್ 11ರಂದು ರೈಲುಗಳಲ್ಲಿ ಬಾಂಬ್ ಸಿಡಿದಾಗ ಸರ್ಕಾರ ಬಾಸ್ಕ್ ಪ್ರತ್ಯೇಕತಾವಾದಿಗಳ ಮೇಲೆ ತಪ್ಪು ಹೊರಿಸಲು ಹೋಗಿ ಮೂರೇ ದಿನಗಳಲ್ಲಿ ಚುನಾವಣೆ ಸೋತಿತ್ತು. ಮುಂಬೈಯ ಸಿಟ್ಟಿಗೆ ಅಂಥ ದಾರಿ ಸಿಗಲಿಲ್ಲ.

ವಿಚಾರಣೆಯೊಂದು ನಡೆಯಿತು, ಆದರೆ ಅದನ್ನು ಶುರುವಿನಲ್ಲೇ ಚಿಕ್ಕದಾಗಿ ಕತ್ತರಿಸಲಾಗಿತ್ತು. ಕೇಂದ್ರದ ಮಾಜಿ ಗೃಹ ಕಾರ್ಯದರ್ಶಿ ರಾಮ್ ಪ್ರಧಾನ್ ಮತ್ತು ಗುಪ್ತಚರ ಸಂಸ್ಥೆ ‘ರಾ’ದ ನಿವೃತ್ತ ಅಧಿಕಾರಿ ವಿ. ಬಾಲಚಂದ್ರನ್ ಇವರಿಬ್ಬರ ಸಮಿತಿಯನ್ನು ಮಹಾರಾಷ್ಟ್ರ ಸರ್ಕಾರ 2008ರ ಡಿಸೆಂಬರ್ ಕೊನೆಯಲ್ಲಿ ನೇಮಿಸಿತು. ವಿಚಾರಣಾ ಆಯೋಗದ ಅಧಿಕಾರ ಅದಕ್ಕಿರಲಿಲ್ಲ. ಕೇಂದ್ರದ ಗುಪ್ತಚರ ಸಂಸ್ಥೆಗಳು, ನೌಕಾಪಡೆ, ಕೋಸ್ಟ್ ಗಾರ್ಡ್, ಎನ್‌ಎಸ್‌ಜಿ ಅದರ ವ್ಯಾಪ್ತಿಗೆ ಬರಲಿಲ್ಲ. ಇದ್ದ ಮಿತಿಯಲ್ಲೇ ಸಮಿತಿ ಮುಖ್ಯ ಸಂಗತಿಗಳನ್ನು ಹೇಳಿತು. ಗುಪ್ತಚರ ಎಚ್ಚರಿಕೆಗಳನ್ನು ಸಚಿವಾಲಯದಲ್ಲಿ ಸರಿಯಾಗಿ ನಿರ್ವಹಿಸಿರಲಿಲ್ಲ, ತುರ್ತು ಪಡೆಗಳಿಗೆ ಗುಂಡಿನ ಕೊರತೆಯಿಂದ ಶೂಟಿಂಗ್ ಅಭ್ಯಾಸವೇ ನಿಂತುಹೋಗಿತ್ತು, ದಾಳಿಯ ರಾತ್ರಿ ಯಾರು ಎಲ್ಲಿರಬೇಕೆಂಬ ನಿಗದಿತ ಕ್ರಮ ಪಾಲನೆಯಾಗಲಿಲ್ಲ. ಪೊಲೀಸ್ ಕಮಿಷನರ್ ಹಸನ್ ಗಫೂರ್ ನಾಯಕತ್ವ ಎದ್ದು ಕಾಣಲಿಲ್ಲ ಎಂದು ಬೊಟ್ಟು ಮಾಡಿತು. ಗಫೂರ್ ಆ ರಾತ್ರಿ ಒಬೆರಾಯ್ ಹತ್ತಿರ ತಮ್ಮ ವಾಹನದಲ್ಲಿದ್ದು ಆದೇಶ ಕೊಡುತ್ತಿದ್ದರು. ಕಂಟ್ರೋಲ್ ರೂಮನ್ನು ಜಂಟಿ ಕಮಿಷನರ್ ರಾಕೇಶ್ ಮಾರಿಯಾ ನಡೆಸುತ್ತಿದ್ದರು. ಇಡೀ ವ್ಯವಸ್ಥೆಯ ತಪ್ಪನ್ನು ಒಬ್ಬರ ತಲೆಗೆ ಕಟ್ಟಲಾಯಿತು ಎನ್ನುವವರಿದ್ದಾರೆ, ಕಮಿಷನರ್ ಹೊಣೆ ಹೊರಲೇಬೇಕಿತ್ತು ಎನ್ನುವವರೂ ಇದ್ದಾರೆ. 2009ರ ಜೂನ್‌ನಲ್ಲಿ ಅವರನ್ನು ಆ ಹುದ್ದೆಯಿಂದ ವರ್ಗ ಮಾಡಲಾಯಿತು.

ವರದಿ 2009ರ ಏಪ್ರಿಲ್‌ನಲ್ಲೇ ಸರ್ಕಾರದ ಕೈಸೇರಿತು. ಗೌಪ್ಯ ಎಂದು ಪೂರ್ತಿ ಬಿಡುಗಡೆ ಮಾಡಲಿಲ್ಲ. ಪತ್ರಿಕೆಗಳಿಗೆ ಸೋರಿ, ವಿರೋಧ ಪಕ್ಷಗಳು ಗದ್ದಲ ಎಬ್ಬಿಸಿದ ಮೇಲೆ ವರ್ಷದ ಕೊನೆಗೆ ಸದನದ ಮುಂದೆ ಬಂತು.

ಈ ಇಡೀ ಕಥೆಯಲ್ಲಿ ಹೊಣೆಗಾರಿಕೆಯನ್ನು ನಿಜವಾಗಿ ಬೆನ್ನುಹತ್ತಿದವರು ಯಾರು ಎಂದು ಕೇಳಿದರೆ ನಾನು ಇಬ್ಬರು ಹೆಣ್ಣುಮಕ್ಕಳ ಹೆಸರು ಹೇಳುತ್ತೇನೆ. ಕಾಮಾ ಆಸ್ಪತ್ರೆಯ ಪಕ್ಕದ ರಂಗಭವನ ಗಲ್ಲಿಯಲ್ಲಿ ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥ ಹೇಮಂತ್ ಕರ್ಕರೆ, ಹೆಚ್ಚುವರಿ ಕಮಿಷನರ್ ಅಶೋಕ್ ಕಾಮ್ಟೆ, ಹಿರಿಯ ಇನ್‌ಸ್ಪೆಕ್ಟರ್ ವಿಜಯ್ ಸಾಲಸ್ಕರ್ ಒಂದೇ ವಾಹನದಲ್ಲಿ ಗುಂಡಿಗೆ ಬಲಿಯಾದರು. ಆ ಸಾವುಗಳ ಸುತ್ತ ಅನುಮಾನದ ಕಥೆಗಳು ಹುಟ್ಟಿಕೊಂಡವು. ಕರ್ಕರೆ ಆಗ ಮಾಲೇಗಾಂವ್ ಸ್ಫೋಟದ ತನಿಖೆ ನಡೆಸುತ್ತಿದ್ದರಿಂದ ಅವುಗಳಿಗೆ ರಾಜಕೀಯ ಬಣ್ಣವೂ ಬಂತು, ಕೇಂದ್ರ ಸಚಿವ ಎ.ಆರ್. ಅಂತುಲೆ ಸಂಸತ್ತಿನಲ್ಲೇ ಪ್ರಶ್ನೆ ಎತ್ತಿದರು. ಕಸಬ್ ಮತ್ತು ಅವನ ಜೊತೆಗಾರ ಇಸ್ಮಾಯಿಲ್ ಖಾನ್ ಇವರೇ ಕೊಂದದ್ದೆಂದು ನ್ಯಾಯಾಲಯ ಸಾಕ್ಷ್ಯಸಮೇತ ತೀರ್ಮಾನಿಸಿತು. ಆದರೆ ವಿನೀತಾ ಕಾಮ್ಟೆ ಕೇಳಿದ ಪ್ರಶ್ನೆ ಸಂಚಿನ ಬಗ್ಗೆ ಅಲ್ಲ, ಕರ್ತವ್ಯದ ಬಗ್ಗೆ. ನನ್ನ ಗಂಡ ಅಲ್ಲಿಗೆ ಹೇಗೆ ಹೋದರು, ಯಾರು ಕಳಿಸಿದರು, ಹೆಚ್ಚಿನ ಬಲ ಕೇಳಿದಾಗ ಏಕೆ ಬರಲಿಲ್ಲ, ಗಾಯಗೊಂಡವರನ್ನು ಅಷ್ಟು ಹೊತ್ತು ರಸ್ತೆಯಲ್ಲಿ ಏಕೆ ಬಿಡಲಾಯಿತು? ಅಧಿಕಾರಿಗಳು ಹಾರಿಕೆಯ ಉತ್ತರ ಕೊಟ್ಟಾಗ ಅವರು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರು. ಕಂಟ್ರೋಲ್ ರೂಮಿನ ಕರೆಗಳ ದಾಖಲೆ ಪಡೆದು, ಸಾಲು ಸಾಲು ಓದಿ, ಪತ್ರಕರ್ತೆ ವಿನೀತಾ ದೇಶಮುಖ್ ಜೊತೆ 2009ರಲ್ಲೇ ‘ಟು ದ ಲಾಸ್ಟ್ ಬುಲೆಟ್’ ಎಂಬ ಪುಸ್ತಕ ಪ್ರಕಟಿಸಿದರು. ಸರ್ಕಾರದ ದಾಖಲೆಯಿಂದಲೇ ಸರ್ಕಾರವನ್ನು ಕೇಳಿದ ಪುಸ್ತಕ ಅದು.

ಕವಿತಾ ಕರ್ಕರೆ ತಮ್ಮ ಗಂಡ ತೊಟ್ಟಿದ್ದ ಗುಂಡು ನಿರೋಧಕ ಜಾಕೆಟ್ ಎಲ್ಲಿದೆ, ಅದರ ಗುಣಮಟ್ಟ ಎಂಥದಿತ್ತು ಎಂದು ಕೇಳಿದರು. ಜಾಕೆಟ್ ಕಾಣೆಯಾಗಿದೆ ಎಂಬ ಉತ್ತರ ಬಂತು. ಆಸ್ಪತ್ರೆಯ ಸ್ವಚ್ಛತಾ ಕೆಲಸಗಾರರೊಬ್ಬರು ಅದನ್ನು ಕಸಕ್ಕೆ ಹಾಕಿದ್ದಾಗಿ ಹೇಳಿದರೆಂಬ ವರದಿ ನಂತರ ಬಂತು. ಜಾಕೆಟ್ ಖರೀದಿಯ ಕಡತವೂ ಕೆಲಕಾಲ ಸಿಗಲಿಲ್ಲ. 2014ರಲ್ಲಿ ಕವಿತಾ ತೀರಿಕೊಂಡರು. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ಮೇಲೆ ಸ್ವತಂತ್ರ ಆಯೋಗ ರಚನೆಯಾಗಲು ಮುಖ್ಯ ಕಾರಣ ನ್ಯೂಜೆರ್ಸಿಯ ನಾಲ್ವರು ವಿಧವೆಯರ ಹಟ. ಆ ಆಯೋಗ ಅಧ್ಯಕ್ಷರನ್ನೂ ಬಿಡದೆ ಪ್ರಶ್ನಿಸಿ 2004ರಲ್ಲಿ ವರದಿ ಪ್ರಕಟಿಸಿತು, ಅದು ಪುಸ್ತಕದಂಗಡಿಗಳಲ್ಲಿ ಮಾರಾಟವಾಯಿತು. ನಮ್ಮ ಹೆಣ್ಣುಮಕ್ಕಳ ಹಟ ಅದಕ್ಕೇನೂ ಕಡಿಮೆಯದಾಗಿರಲಿಲ್ಲ. ಅವರಿಗೆ ಸಿಕ್ಕಿದ್ದು ಅರ್ಜಿಗೆ ಉತ್ತರ ಮಾತ್ರ.

ಬದಲಾವಣೆಗಳೇ ಆಗಲಿಲ್ಲ ಎಂದರೆ ಅನ್ಯಾಯವಾಗುತ್ತದೆ. ಡಿಸೆಂಬರ್‌ನಲ್ಲೇ ಸಂಸತ್ತು ರಾಷ್ಟ್ರೀಯ ತನಿಖಾ ಸಂಸ್ಥೆಯ ಕಾಯ್ದೆಯನ್ನು ಅಂಗೀಕರಿಸಿತು. ಜೊತೆಗೇ ಯುಎಪಿಎ ಕಾಯ್ದೆಯನ್ನೂ ಬಿಗಿ ಮಾಡಿತು, ಆ ಬಿಗಿಯ ದುರ್ಬಳಕೆಯ ಚರ್ಚೆ ಈಗಲೂ ನಡೆದಿದೆ. ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಎನ್‌ಎಸ್‌ಜಿ ನೆಲೆಗಳು ಬಂದವು. ಮಹಾರಾಷ್ಟ್ರ ‘ಫೋರ್ಸ್ ಒನ್’ ಕಟ್ಟಿತು. ಕಡಲ ಭದ್ರತೆಯ ಒಟ್ಟು ಹೊಣೆ ನೌಕಾಪಡೆಗೆ ಬಂತು. ನಮ್ಮ ಮಲ್ಪೆ, ಮಂಗಳೂರು, ಕಾರವಾರದ ಮೀನುಗಾರರು ಕೂಡ ಬಯೋಮೆಟ್ರಿಕ್ ಗುರುತಿನ ಚೀಟಿ ಇಟ್ಟುಕೊಂಡು ಕಡಲಿಗೆ ಇಳಿಯುವಂತಾಯಿತು. ಆದರೆ 2011ರ ಜುಲೈ ಕೊನೆಯಲ್ಲಿ ಸಿಬ್ಬಂದಿ ಬಿಟ್ಟು ಹೋಗಿದ್ದ ‘ಪವಿತ್’ ಎಂಬ ಹಡಗು ಅಲೆಯಲ್ಲಿ ತೇಲುತ್ತ ಬಂದು ಜುಹು ಕಡಲತೀರದ ಮರಳಿಗೆ ಸಿಕ್ಕಿಕೊಂಡಿತು. ಹೊಸದಾಗಿ ಕಟ್ಟಿದ ಮೂರು ಸುತ್ತಿನ ಕಾವಲಿನಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಅದಕ್ಕೆ ಎರಡು ವಾರ ಮೊದಲು, ಜುಲೈ 13ರಂದು ಝವೇರಿ ಬಜಾರ್, ಒಪೆರಾ ಹೌಸ್, ದಾದರ್‌ಗಳಲ್ಲಿ ಮತ್ತೆ ಬಾಂಬ್ ಸಿಡಿದಿದ್ದವು. ಊರಿಗೆಲ್ಲ ಸಿಸಿಟಿವಿ ಹಾಕಬೇಕೆಂದು ಪ್ರಧಾನ್ ಸಮಿತಿ ಹೇಳಿ ಎರಡು ವರ್ಷ ಕಳೆದಿತ್ತು, ಟೆಂಡರ್ ಮುಗಿದಿರಲಿಲ್ಲ. ಆ ಯೋಜನೆ ಪೂರ್ಣಗೊಂಡದ್ದು 2016ರಲ್ಲಿ.

ನ್ಯಾಯಾಲಯದ ಮಟ್ಟಿಗೆ 26/11 ಪ್ರಕರಣ ಹೆಮ್ಮೆಪಡುವಂಥದ್ದು. ಇಡೀ ದೇಶ ಕಂಡ ಕೊಲೆಗಾರನಿಗೂ ವಕೀಲರನ್ನು ಕೊಟ್ಟು, ತೆರೆದ ವಿಚಾರಣೆ ನಡೆಸಿ, ಹತ್ತು ವರ್ಷದ ಹುಡುಗಿ ಊರುಗೋಲು ಹಿಡಿದು ಬಂದು ಕಸಬ್‌ನನ್ನು ಗುರುತಿಸಿದ ಸಾಕ್ಷ್ಯವನ್ನೂ ಕೇಳಿ, ಸಾಕ್ಷ್ಯ ಸಾಲದ ಇಬ್ಬರು ಭಾರತೀಯ ಆರೋಪಿಗಳನ್ನು ಬಿಡುಗಡೆ ಮಾಡಿ, 2010ರ ಮೇ ತಿಂಗಳಲ್ಲಿ ನ್ಯಾಯಾಧೀಶ ಎಂ.ಎಲ್. ತಹಲಿಯಾನಿ ತೀರ್ಪು ಕೊಟ್ಟರು. 2012ರ ನವೆಂಬರ್ 21ರಂದು ಯರವಡಾ ಜೈಲಿನಲ್ಲಿ ಕಸಬ್‌ಗೆ ಗಲ್ಲಾಯಿತು. ಸಂಚಿನಲ್ಲಿ ಭಾಗಿಯಾದ ಆರೋಪ ಹೊತ್ತ ತಹವ್ವುರ್ ರಾಣಾ 2025ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಇಲ್ಲಿಗೆ ಬಂದ.

2006ರ ರೈಲು ಸ್ಫೋಟಗಳ ಪ್ರಕರಣ ಮಾತ್ರ ಕಣ್ಣಮುಂದೆಯೇ ಕುಸಿಯಿತು. 2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಯನ್ನು ಅಪರಾಧಿಗಳೆಂದು ಹೇಳಿ ಐವರಿಗೆ ಗಲ್ಲು, ಏಳು ಜನರಿಗೆ ಜೀವಾವಧಿ ವಿಧಿಸಿತ್ತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಅಷ್ಟೂ ಜನರನ್ನು ಖುಲಾಸೆ ಮಾಡಿತು. ಆರೋಪ ಸಾಬೀತುಪಡಿಸುವುದರಲ್ಲಿ ಸರ್ಕಾರಿ ಪಕ್ಷ ಸಂಪೂರ್ಣ ವಿಫಲವಾಗಿದೆ ಎಂದಿತು. ಮೂರು ದಿನಗಳ ನಂತರ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸದಂತೆ ತಡೆದರೂ ಬಿಡುಗಡೆಯಾದವರನ್ನು ಮತ್ತೆ ಜೈಲಿಗೆ ಕಳಿಸಲಿಲ್ಲ. ಹೈಕೋರ್ಟ್ ಹೇಳಿದ್ದು ಸರಿಯಾದರೆ ನಿರಪರಾಧಿಗಳ 19 ವರ್ಷ ಜೈಲಿನಲ್ಲಿ ಹೋಯಿತು, ಅವರಲ್ಲೊಬ್ಬರು ಒಳಗೇ ಸತ್ತರು, ಬಾಂಬ್ ಇಟ್ಟವರು ಯಾರೋ ಇನ್ನೂ ಹೊರಗಿದ್ದಾರೆ. ಅದು ತಪ್ಪಾದರೆ ತನಿಖೆ ನಡೆಸಿದವರು ಅಪರಾಧಿಗಳನ್ನು ಕೈಯಾರೆ ಬಿಟ್ಟರು. ಎರಡರಲ್ಲಿ ಯಾವುದೇ ಆಗಲಿ, ಸತ್ತವರ ಮನೆಯವರಿಗೆ ಉತ್ತರ ಕೊಡಬೇಕಾದವರು ಸರ್ಕಾರದಲ್ಲಿದ್ದಾರೆ.

26/11ರ ದಾಳಿಯ ಬಗ್ಗೆ ಕೇಂದ್ರ ಮತ್ತು ರಾಜ್ಯದ ಎಲ್ಲ ಸಂಸ್ಥೆಗಳನ್ನೂ ಒಳಗೊಂಡ ಸ್ವತಂತ್ರ ವಿಚಾರಣೆ ಇಂದಿಗೂ ನಡೆದಿಲ್ಲ. ಯಾವ ಪಕ್ಷದ ಸರ್ಕಾರವೂ ಅದನ್ನು ಮಾಡಿಲ್ಲ. ಆ ರಾತ್ರಿ ಕರ್ತವ್ಯದಲ್ಲಿದ್ದ ಅನೇಕ ಅಧಿಕಾರಿಗಳು ನಿವೃತ್ತರಾಗಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ, ಉಳಿದವರು ಮಾತಾಡಬಲ್ಲರು. ಅವರನ್ನು ಕೂರಿಸಿ ಕೇಳುವ ಆಯೋಗವೊಂದನ್ನು ಸಂಸತ್ತು ರಚಿಸಲಿ, ಅದರ ವರದಿಯನ್ನು ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಪ್ರಕಟಿಸಲಿ ಎಂದು ನಮ್ಮ ನಮ್ಮ ಸಂಸದರನ್ನು ಕೇಳೋಣ.